ಸಾಯದ ಗಿಡ ಕೇಳಿದವರು

ಪಾಂಡವಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಮಣ್ಣಾದ ಮೇಲೆ. ಈಗ ನಾನಿರುವುದು ನಾಗಮಂಗಲದಲ್ಲಿ. ಆ ಹೊತ್ತು ತರಗತಿಯಲ್ಲಿದ್ದೆ, ಫೋನು ಬ್ಯಾಗಿನಲ್ಲಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ತೆಗೆದು ನೋಡಿದರೆ ಅವರ ಮಗಳು ಮೇಲಿಂದ ಮೇಲೆ ಕರೆ ಮಾಡಿದ್ದಳು. ತಿರುಗಿ ಮಾಡಿದಾಗ, "ಬೆಳಿಗ್ಗೆ ಚಾ ಕುಡೀತಾ ಕೂತಿದ್ರು ಮಿಸ್, ಲೋಟ ಕೆಳಗಿಟ್ರು, ಅಷ್ಟೇ" ಎಂದು ಅತ್ತಳು. ನಾನು, "ಕೂತ್ಕೊಂಡಿದ್ರಾ?" ಎಂದು ಕೇಳಿಬಿಟ್ಟೆ. ಅವಳಿಗೆ ಆ ಪ್ರಶ್ನೆ ವಿಚಿತ್ರವಾಗಿ ಕೇಳಿಸಿರಬೇಕು. ಆದರೆ ನಾನು ಅವರ ಮನೆಗೆ ಹೋದ ಹೊಸದರಲ್ಲಿ ಅವರು ಕೂತು ಚಹಾ ಕುಡಿದದ್ದನ್ನು ನೋಡಿಯೇ ಇರಲಿಲ್ಲ.

ಊರಿಗೆಲ್ಲ ಅವರು ಲಾರಿ ಸಾಬ್ರು. ನಾನು ಭಾಯಿ ಎನ್ನುತ್ತಿದ್ದೆ. ಅವರ ಹೆಂಡತಿಗೆ ಆಪಾ, ಅಂದರೆ ಅಕ್ಕ. ಸ್ವಂತದ ಎರಡು ಲಾರಿಗಳಿದ್ದವು; ಅದರ ಜೊತೆಗೆ ಬೇರೆಯವರ ಲಾರಿಗಳಿಗೂ ಲೋಡು ಹೊಂದಿಸಿಕೊಡುತ್ತಿದ್ದರು. ಉದ್ದನೆಯ ಆಳು. ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಸಿಕ್ಕಿಸಿಕೊಂಡು ಕತ್ತು ಒಂದು ಕಡೆಗೆ ವಾಲಿಯೇ ಹೋಗಿತ್ತು. ಒಂದು ಫೋನಿನಲ್ಲಿ, "ಲೇ, ಎಲ್ಲಿದ್ದೀಯಲಾ? ಮಾಕವಳ್ಳಿ ಬುಟ್ಟಾಯ್ತಾ ಇಲ್ವಾ ಯೋಳ್ಲಾ" ಎಂದು ಡ್ರೈವರಿಗೆ ಗದರುವರು. ಮರುಕ್ಷಣವೇ ಇನ್ನೊಂದರಲ್ಲಿ, "ಬತ್ತಾವ್ನೆ ಕಣಣ್ಣ, ನಿಮ್ ಕಬ್ಬು ಒಣಗಕ್ಕೆ ಬುಟ್ಟೇನಾ ನಾನು" ಎಂದು ಗದ್ದೆಯವರಿಗೆ ಬೆಣ್ಣೆ ಸವರುವರು. ಲೋಟ ಕೈಯಲ್ಲಿ ಹಿಡಿದು, ಗೇಟಿನ ಹತ್ತಿರ ನಿಂತು, ಅರ್ಧ ಕುಡಿದು, ಉಳಿದದ್ದನ್ನು ಕಾಂಪೌಂಡಿನ ಮೇಲಿಟ್ಟು ಹೊರಟುಬಿಡುವರು. ಆ ಲೋಟಗಳನ್ನು ಆಪಾ ಸಂಜೆ ಹೋಗಿ ತೆಗೆದುಕೊಂಡು ಬರುತ್ತಿದ್ದರು.

ನಾನು ಮಹಡಿಯ ಮನೆ ಕೇಳಲು ಹೋದ ದಿನ ಅವರು ನನ್ನೊಡನೆ ಆಡಿದ್ದು ಇಷ್ಟು: "ಟೀಚರ್‌ಗೆ ಕೊಡ್ದೆ ಇನ್ಯಾರಿಗೆ ಕೊಡಾದು ಮನೆಯ. ನೀರು, ಲೈಟು, ಕಸ, ಏನಿದ್ರೂ ಅವ್ಳುನ್ನ ಕೇಳಿ. ನಂಗೇನೂ ಗೊತ್ತಿಲ್ಲ." ಅದು ವಿನಯದ ಮಾತಲ್ಲ, ಇದ್ದ ಸಂಗತಿ. ಮನೆಯ ಒಳಗಿನದೇನೂ ಅವರಿಗೆ ಗೊತ್ತಿರಲಿಲ್ಲ. ಅಕ್ಕಿ ಡಬ್ಬ ಎಲ್ಲಿದೆ ಎಂದು ಕೇಳಿದರೆ ಅಡುಗೆಮನೆ ಯಾವ ಕಡೆ ಎಂದು ಯೋಚಿಸುವಂಥವರು.

ಅವರ ಬಾಯಲ್ಲಿ ಸದಾ ಇದ್ದ ಮಾತು "ಸೀಸನ್ ಮುಗೀಲಿ." ಮಗಳ ಮನೆಗೆ ಹೋಗೋಣವೇ? ಸೀಸನ್ ಮುಗೀಲಿ. ಮಹಡಿಯ ಮೆಟ್ಟಿಲಿಗೆ ಕಂಬಿ ಹಾಕಿಸಬೇಕಲ್ಲ? ಸೀಸನ್ ಮುಗೀಲಿ. ಕಬ್ಬು ಮುಗಿದರೆ ಭತ್ತ ಬರುತ್ತಿತ್ತು, ಭತ್ತ ಮುಗಿದರೆ ನಾಗಮಂಗಲ ಕಡೆಯಿಂದ ತೆಂಗಿನಕಾಯಿ. ಮೊದಲ ಕೆಲವು ವರ್ಷ ಅವರ ಸೀಸನ್ ಮುಗಿದದ್ದನ್ನು ನಾನು ಕಾಣಲಿಲ್ಲ.

ಮನೆಯ ಮುಂದೆ ಕಬ್ಬಿಣದ ಗ್ರಿಲ್ ಹಾಕಿದ ಒಂದು ವರಾಂಡ. ಅದು ಆಪಾ ಅವರ ರಾಜ್ಯ. ತೂಗುಬುಟ್ಟಿಯಲ್ಲಿ ಜರಿಗಿಡಗಳು, ಬಿಸಿಲು ಬೀಳುವ ಅಂಚಿನಲ್ಲಿ ಗುಲಾಬಿ, ಒಳಗಡೆ ನೆರಳಿಗೆ ಆಂಥೂರಿಯಂ, ಬಿಗೋನಿಯಾ. ಎಲ್ಲವೂ ನಾಜೂಕಿನವು. ಒಂದಕ್ಕೆ ದಿನಾ ನೀರು, ಒಂದಕ್ಕೆ ದಿನ ಬಿಟ್ಟು ದಿನ, ಒಂದಕ್ಕೆ ಎಲೆಯ ಮೇಲೆ ಹನಿ ಬಿದ್ದರೂ ಆಗದು. ಆಪಾ ಮಾತು ಕಡಿಮೆಯ ಹೆಂಗಸು. ಒದ್ದೆ ಬಟ್ಟೆ ಹಿಡಿದು ಒಂದೊಂದೇ ಎಲೆಯನ್ನು ಒರೆಸುತ್ತ ಕೂತಿರುತ್ತಿದ್ದರು. ಭಾಯಿ ಅದರ ಪಕ್ಕದಲ್ಲೇ ಫೋನಿನಲ್ಲಿ ಕೂಗಾಡುತ್ತ ಹಾದುಹೋಗುತ್ತಿದ್ದರು. ಅಲ್ಲಿ ಹೂವು ಬಿಟ್ಟಿದೆಯೋ ಇಲ್ಲವೋ ಅವರು ತಿರುಗಿ ನೋಡಿದ್ದಿಲ್ಲ.

ಒಂದು ವರ್ಷ ಆಪಾ ಬಿಳಿಚಿಕೊಳ್ಳುತ್ತ ಬಂದರು. ಹೊಟ್ಟೆಯ ಕೆಳಗೆ ನೋವು, ತಿಂಗಳಲ್ಲಿ ಹೆಚ್ಚು ದಿನ ರಕ್ತಸ್ರಾವ. ನನ್ನ ಬಳಿ ಹೇಳಿಕೊಂಡಿದ್ದರು. ಗಂಡನಿಗೂ ಹೇಳಿದ್ದರು. ಅವರಿಗೆ ಸಿಕ್ಕ ಉತ್ತರ ಊಹಿಸುವುದು ಕಷ್ಟವಲ್ಲ. ಕಬ್ಬಿನ ಕಾಲವೆಲ್ಲ ಹಾಗೇ ಕಳೆಯಿತು. ಕೊನೆಗೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಕುಸಿದುಬಿದ್ದಾಗ ನಾನೂ ಎದುರುಮನೆಯವರೂ ಎತ್ತಿ ಆಟೋದಲ್ಲಿ ಕೂರಿಸಿದೆವು. ಭಾಯಿ ಮೈಸೂರಿನ ಆಸ್ಪತ್ರೆಗೆ ನೇರವಾಗಿ ಬಂದರು. ಗರ್ಭಕೋಶ ತೆಗೆಯಬೇಕಾಯಿತು. ಡಾಕ್ಟರು, "ಇಷ್ಟು ದಿನ ಏನ್ ಮಾಡ್ತಾ ಇದ್ರಿ?" ಎಂದು ಕೇಳಿದಾಗ ಅವರು ಕಿವಿಯ ಹತ್ತಿರ ಕೈ ತೆಗೆದುಕೊಂಡು ಹೋಗಿ ಹಾಗೇ ಇಳಿಸಿದರು. ಕೈಯಲ್ಲಿ ಫೋನಿರಲಿಲ್ಲ.

ಆಪರೇಷನ್ ಆದ ಮೇಲೆ ಆಪಾ ಶ್ರೀರಂಗಪಟ್ಟಣದಲ್ಲಿ ತಂಗಿಯ ಮನೆಯಲ್ಲಿ ಉಳಿದರು. ಮೈಸೂರು ಹತ್ತಿರ, ನೋಡಿಕೊಳ್ಳಲು ಹೆಣ್ಣುಮಕ್ಕಳಿದ್ದರು. ಶಾಲೆಯಿರುವ ತನಕ ಗಿಡಗಳಿಗೆ ನಾನು ನೀರು ಹಾಕಿದೆ. ಬೇಸಿಗೆ ರಜೆ ಬಂತು, ಸಂತೆಬಾಚಹಳ್ಳಿ ಪಕ್ಕದ ನಮ್ಮೂರಿಗೆ ಹೊರಟೆ. ಯಾವ ಗಿಡಕ್ಕೆ ಎಷ್ಟು ನೀರು ಎಂದು ಭಾಯಿಯವರನ್ನು ನಿಲ್ಲಿಸಿಕೊಂಡು ಹೇಳಿದೆ. "ನೀವ್ ನೆಮ್ಮದಿಯಾಗಿ ಓಗ್ಬನ್ನಿ ಮೇಡಂನೋರೆ. ನಾನಿಲ್ವಾ" ಎಂದರು. ಹಾಗೆನ್ನುವಾಗಲೇ ಒಂದು ಫೋನು ಬಡಿದುಕೊಳ್ಳುತ್ತಿತ್ತು.

ನಾನು ತಿರುಗಿ ಬಂದಾಗ ವರಾಂಡದಲ್ಲಿ ಕಾಲಿಟ್ಟರೆ ತರಗೆಲೆ ಸದ್ದು. ಜರಿಗಿಡಗಳು ಹಳೆಯ ತೆಂಗಿನ ನಾರಿನಂತೆ ಬುಟ್ಟಿಯಿಂದ ಜೋತು ಬಿದ್ದಿದ್ದವು. ಗುಲಾಬಿಯಲ್ಲಿ ಮುಳ್ಳು ಬಿಟ್ಟರೆ ಏನೂ ಇರಲಿಲ್ಲ. ಅದರ ನಡುವೆ ಭಾಯಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ನನ್ನನ್ನು ನೋಡಿ ಬೆರಳಿನಿಂದ ಸುಮ್ಮನಿರಿ ಎಂದು ಸನ್ನೆ ಮಾಡಿ, ಫೋನಿನಲ್ಲಿ ಹೇಳುತ್ತಿದ್ದರು: "ಎಲ್ಲಾ ಜೋರಾಗವೆ. ಆ ಕೆಂಪ್ ಗುಲಾಬಿ ಇಲ್ವಾ, ಮೊಗ್ಗು ಬುಟ್ಟದೆ."

ಫೋನು ಇಟ್ಟ ಮೇಲೆ ನನ್ನ ಮುಖ ನೋಡಲಿಲ್ಲ. "ದಿನಾ ಕೇಳ್ತಾವ್ಳೆ ಕಣಮ್ಮ. ನನ್ ಗಿಡ ಎಂಗವೆ ಅಂತ. ಮೊದ್ಲನೇ ದಿನ ಚೆನ್ನಾಗವೆ ಅಂದ್ಬುಟ್ಟೆ. ಆಮೇಕೆ ದಿನಾ ಅದುನ್ನೇ ಬೆಳ್ಸಬೇಕಾಯ್ತು. ವೀಡಿಯೋ ಕಾಲ್ ಮಾಡಿ ತೋರ್ಸಿ ಅಂದ್ಲು, ನೆಟ್ವರ್ಕ್ ಇಲ್ಲ ಅಂದೆ. ಫೋಟೋ ಕಳ್ಸಿ ಅಂದ್ಲು, ಕ್ಯಾಮೆರಾ ಕೆಟ್ಟೋಗದೆ ಅಂದೆ. ಈಗ ಬತ್ತಾವ್ಳೆ. ಈ ಬಾನುವಾರ."

ಶನಿವಾರ ಮಧ್ಯಾಹ್ನ ಶಾಲೆಯ ಬಾಗಿಲಿಗೇ ಅವರ ಖಾಲಿ ಲಾರಿ ಬಂದು ನಿಂತಿತು, ಸ್ಟೀರಿಂಗ್ ಹಿಡಿದವರು ಅವರೇ. ಶ್ರೀರಂಗಪಟ್ಟಣದ ಹತ್ತಿರ ಹೈವೇ ಪಕ್ಕದ ನರ್ಸರಿಯೊಂದಕ್ಕೆ ಹೋದೆವು. ಹಸಿರು ಪರದೆಯ ಕೆಳಗೆ ಕೂತಿದ್ದ ನರ್ಸರಿಯವನ ಎದುರು ನಿಂತು ಅವರು, "ಸಾಯ್ದಿರ ಗಿಡ ಕೊಡಪ್ಪ" ಎಂದರು.

"ಸಾಯ್ದಿರದು ಪ್ಲಾಸ್ಟಿಕ್ ಗಿಡ ಕಣಣ್ಣ. ಪೇಟೇಲಿ ಸಿಗ್ತದೆ" ಎಂದ ಅವನು.

ನನಗೆ ನಗು ಬಂತು. ಅವರಿಗೆ ಬರಲಿಲ್ಲ. "ಅಂಗಲ್ಲ. ನೀರಾಕದು ಮರ್ತೋದ್ರೂ ಬದ್ಕಿರ್ಬೇಕು. ನಾನು ಮರೆಯೋ ಜಾತಿ. ಅಂತೋನಿಗೆ ಯಾವ್ದು ಕೊಡ್ತೀಯ, ಅದುನ್ನ ಕೊಡು."

ಅವನು ಎದ್ದು ಬಂದು, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಮನೆಯೊಳಗೋ ಹೊರಗೋ ಎಂದು ಕೇಳಿದ. ಕತ್ತಿಯಂತೆ ನೆಟ್ಟಗೆ ನಿಲ್ಲುವ ಪಟ್ಟೆ ಎಲೆಯ ಸ್ನೇಕ್ ಪ್ಲಾಂಟು ತೋರಿಸಿದ. ಬೇರಿನಲ್ಲಿ ಗೆಡ್ಡೆ ಕಟ್ಟಿ ಅದರಲ್ಲೇ ನೀರು ಕೂಡಿಟ್ಟುಕೊಳ್ಳುವ ಜೀಜೀ ಪ್ಲಾಂಟು ತೋರಿಸಿದ. ಲೋಳೆಸರ, ಮನಿ ಪ್ಲಾಂಟು, ನೆರಳಲ್ಲೂ ಮರಿ ಹಾಕುವ ಸ್ಪೈಡರ್ ಪ್ಲಾಂಟು. "ಇವುನ್ನ ಮರ್ತು ಊರಿಗೋದ್ರೂ ಬಂದಾಗ ಇರ್ತವೆ" ಎಂದ. ಭಾಯಿ ಒಂದೊಂದನ್ನೂ ಎತ್ತಿ, ಎಲೆ ಅಲುಗಿಸಿ, ಲಾರಿ ಟೈರು ನೋಡುವವರ ಹಾಗೆ ಸುತ್ತ ತಿರುಗಿಸಿ ನೋಡಿದರು. ಆಮೇಲೆ ಮೂಲೆಯಲ್ಲಿ ತೂಗುಹಾಕಿದ್ದ ಜರಿಗಿಡಗಳ ಮುಂದೆ ಹೋಗಿ ನಿಂತುಬಿಟ್ಟರು.

"ನಮ್ಮನೇದೂ ಇಂಗೇ ಇತ್ತಲ್ವಾ? ಒಂದೇ ತರ ಅಲ್ವಾ?"

"ಆಪಾಗೆ ಗೊತ್ತಾಗುತ್ತೆ ಭಾಯಿ" ಎಂದೆ.

"ಗೊತ್ತಾಗ್ತದೆ" ಎಂದರು. "ಎಲೆ ಎಲೆ ಒರ್ಸಿರೋಳು."

ಅಷ್ಟು ದೊಡ್ಡ ಲಾರಿಯ ಹಿಂದೆ ಒಂದಿಷ್ಟು ಕುಂಡಗಳು ಒಂದಕ್ಕೊಂದು ಆತುಕೊಂಡು ಕೂತಿದ್ದವು. ಅವರು ಗೇರು ಏರಿಸದೆ ನಿಧಾನಕ್ಕೆ ಓಡಿಸಿದರು. ಪಾಂಡವಪುರದ ರಸ್ತೆಗೆ ತಿರುಗಿದ ಮೇಲೆ, ಎದುರಿಗೇ ನೋಡುತ್ತ, "ಗಿಡದ್ ಮಾತಲ್ಲ ಕಣಮ್ಮ ಇದು" ಎಂದರು. "ನೋವು ನೋವು ಅಂತಿದ್ಲು. ನಾನು ಆಯ್ತು ಆಯ್ತು ಅಂತಿದ್ದೆ. ಅವ್ಳು ಇನ್ನೊಂದ್ಸಲ ಯೋಳ್ದಾಗ ನಾನು ಫೋನಲ್ಲಿದ್ದೆ. ಕೈ ತೋರ್ಸಿ ಸುಮ್ಕಿರು ಅಂದೆ. ಆಮೇಕೆ ಅವ್ಳು ಯೋಳ್ಳೇ ಇಲ್ಲ."

ಭಾನುವಾರ ಆಪಾ ಬಂದರು. ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡು ನಿಧಾನವಾಗಿ ಗೇಟು ದಾಟಿ ವರಾಂಡದಲ್ಲಿ ನಿಂತರು. ಭಾಯಿ ಹೊಸ ಕುಂಡಗಳನ್ನೆಲ್ಲ ಸಾಲಾಗಿ ಇಟ್ಟು, ನೆಲ ತೊಳೆದು, ತಾವೂ ತೊಳೆದಿಟ್ಟ ಹಾಗೆ ಬಿಳಿ ಜುಬ್ಬ ಹಾಕಿ ಪಕ್ಕದಲ್ಲಿ ನಿಂತಿದ್ದರು. ನಾನು ಮೆಟ್ಟಿಲ ಮೇಲಿದ್ದೆ. ಮೇಲಕ್ಕೆ ಹೋಗಿಬಿಡಬೇಕಿತ್ತು, ಹೋಗಲಾಗಲಿಲ್ಲ.

"ಜರಿಗಿಡ ಎಲ್ಲಿ?" ಎಂದರು ಆಪಾ.

"ಅದು ಒಸಿ ಒಣಗ್ಬುಡ್ತು."

"ಗುಲಾಬಿ?"

"ಅದೂವೆ."

"ಅಮ್ಮೀಜಾನ್ ಕೊಟ್ಟಿದ್ ಬಿಗೋನಿಯಾ?"

ಭಾಯಿ ಕುಂಡಗಳ ಸಾಲಿನ ಕಡೆ ನೋಡಿದರು. ಆಪಾ ಅವರ ಅಮ್ಮ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅದು ಅವರ ಮನೆಯಿಂದ ಬಂದ ಗಿಡ ಎಂದು ಭಾಯಿಗೆ ಆವತ್ತೇ ಗೊತ್ತಾದದ್ದು ಅಂತ ಕಾಣುತ್ತದೆ.

ಆಪಾ ಸ್ನೇಕ್ ಪ್ಲಾಂಟಿನ ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಬಿಟ್ಟರು. "ಊಟ ಮಾಡಿದ್ರಾ?" ಎಂದು ಕೇಳಿ ಒಳಗೆ ಹೋದರು.

"ಬೈದಿದ್ರೆ ಎಷ್ಟೋ ಚೆನ್ನಾಗಿತ್ತು" ಎಂದು ಭಾಯಿ ಆಮೇಲೆ ನನ್ನ ಬಳಿ ಹಲವು ಸಲ ಹೇಳಿದರು.

ಅಲ್ಲಿಂದ ಅವರ ಇನ್ನೊಂದು ಅವತಾರ ಶುರುವಾಯಿತು. ಎರಡು ಫೋನಲ್ಲಿ ಒಂದನ್ನು ಅಳಿಯನ ಕೈಗೆ ಕೊಟ್ಟರು. ಬೆಳಿಗ್ಗೆ ಎದ್ದ ಕೂಡಲೇ ಚೊಂಬು ಹಿಡಿದು ಗಿಡಗಳಿಗೆ ನೀರು. ಸಂಜೆ ಮತ್ತೆ ನೀರು. ನಡುವೆ ನೆನಪಾದರೆ ಆಗಲೂ ಒಂದಿಷ್ಟು. ಆಪಾ ಬಗ್ಗಿದರೆ ಓಡಿಬಂದು, "ನೀ ಬಗ್ಬೇಡ", ಎದ್ದರೆ, "ನೀ ಏಳ್ಬೇಡ." ಬಿಸಿನೀರು ಕಾಯಿಸುವರು, ಗಂಜಿ ಮಾಡಲು ಹೋಗಿ ಪಾತ್ರೆ ಸೀಯಿಸುವರು. ಆಕೆ ಮಲಗಿದ್ದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಬಾಗಿಲಲ್ಲಿ ಬಂದು ನೋಡುವರು.

ಸಾಯದ ಗಿಡಗಳು ಸಾಯತೊಡಗಿದವು. ಜೀಜೀ ಪ್ಲಾಂಟಿನ ಕಡ್ಡಿಗಳು ಹಳದಿಯಾಗಿ ಒಂದೊಂದೇ ಮಲಗಿದವು. ಸ್ನೇಕ್ ಪ್ಲಾಂಟು ಬುಡದಲ್ಲಿ ಮೆತ್ತಗಾಗಿ, ಕೊಳೆತ ವಾಸನೆ ಬಂದು, ಒಂದು ಮಧ್ಯಾಹ್ನ ತಾನಾಗಿಯೇ ಪಕ್ಕಕ್ಕೆ ವಾಲಿತು. ಭಾಯಿ ಕುಂಡವನ್ನು ಎತ್ತಿಕೊಂಡು ಮೆಟ್ಟಿಲ ಹತ್ತಿರ ಬಂದು ನನ್ನನ್ನು ಕೂಗಿದರು. "ಇದೂ ಓಯ್ತು ಮೇಡಂನೋರೆ. ಸಾಯಲ್ಲ ಅಂದಿದ್ನಲ್ಲ ಅವ್ನು. ನನ್ ಕೈಯೇ ಸರಿಯಿಲ್ವಾ?"

ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಆಪಾ ಹೊರಗೆ ಬಂದರು. ಅವರ ಕೈಯಿಂದ ಕುಂಡ ಇಸಿದುಕೊಂಡು ನೆಲದ ಮೇಲೆ ಹಳೇ ಪೇಪರು ಹಾಸಿ ಮಣ್ಣು ಸುರಿದರು. ಕೆಸರಿನ ಹಾಗಿತ್ತು. ಬೇರು ಕಪ್ಪಗೆ ಲೋಳೆಯಾಗಿತ್ತು.

"ಎಷ್ಟು ಸಲ ನೀರ್ ಆಕಿದ್ರಿ?"

"ದಿನಾ. ಎರಡೊತ್ತು. ಒಂದ್ ದಿನಾನೂ ತಪ್ಸಿಲ್ಲ, ಅಲ್ಲಾನ ಆಣೆಗೂ."

ಆಪಾಗೆ ನಗು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಆಕೆ ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ. ಹೊಲಿಗೆ ಹಾಕಿದ್ದ ಜಾಗ ಎಳೆದು ನೋವಾಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದುನ್ನ ಅದ್ರ ಪಾಡಿಗೆ ಬುಡಿ" ಎಂದರು. "ಬುಟ್ರೆ ಬದುಕ್ತದೆ. ನನ್ನೂ ಒಸಿ ಬುಡಿ."

ಆ ಸಂಜೆ ಅವರಿಬ್ಬರೂ ಪೇಪರಿನ ಎದುರು ಕೂತರು. ಕೊಳೆತದ್ದನ್ನು ಕತ್ತರಿಸಿ ಬಿಸಾಡುವುದು, ಗಟ್ಟಿಯಿರುವ ಎಲೆಯನ್ನು ತುಂಡು ಮಾಡಿ ನೆರಳಲ್ಲಿ ಒಣಗಲು ಬಿಡುವುದು, ಆಮೇಲೆ ಮರಳು ಬೆರೆಸಿದ ಮಣ್ಣಿಗೆ ಊರುವುದು, ನೀರು ಹಾಕುವ ಮುಂಚೆ ಬೆರಳು ಚುಚ್ಚಿ ಒಳಗೆ ತೇವ ಇದೆಯೇ ನೋಡುವುದು. ಆಪಾ ಹೇಳುತ್ತಿದ್ದರು, ಅವರು ಮಾಡುತ್ತಿದ್ದರು. ಮನೆಯಲ್ಲಿ ಉರ್ದು, ನಾನಿದ್ದರೆ ಕನ್ನಡ. ಎಲೆಯ ತುಂಡುಗಳು ಬೇರು ಬಿಡಲು ಬಹಳ ಕಾಲ ಬೇಕು. ಅಷ್ಟು ಕಾಲವೂ ಅವರು ದಿನಾ ಬಂದು ನೋಡಿದರು, ನೀರು ಮಾತ್ರ ಹಾಕಲಿಲ್ಲ. ಚೊಂಬು ಎತ್ತಿ, ನನ್ನ ಕಡೆ ನೋಡಿ, ಕೆಳಗಿಡುವರು.

ಒಂದೆರಡು ವರ್ಷದಲ್ಲಿ ಲಾರಿಗಳನ್ನು ಪೂರ್ತಿ ಅಳಿಯನಿಗೆ ಒಪ್ಪಿಸಿದರು. ವರಾಂಡ ಮತ್ತೆ ತುಂಬಿತು. ಊರಿನಲ್ಲಿ ಅವರಿಗೆ ಹೊಸ ಕೆಲಸವೊಂದು ಹತ್ತಿಕೊಂಡಿತು: ಪುರುಸೊತ್ತಿಲ್ಲದವರಿಗೆ ಗಿಡ ಗೊತ್ತುಮಾಡಿ ಕೊಡುವುದು. ನೈಟ್ ಡ್ಯೂಟಿ ನರ್ಸಮ್ಮ ಬಂದಳು, ಬ್ಯಾಂಕಿಗೆ ಹೊಸದಾಗಿ ಬಂದಿದ್ದ ಹುಡುಗಿ ಬಂದಳು, ನಮ್ಮ ಹೆಡ್‌ಮಾಸ್ಟರೂ ಬಂದರು. ಎಲ್ಲರಿಗೂ ಅವರ ಮೊದಲ ಪ್ರಶ್ನೆ ಒಂದೇ. "ಗಿಡ ಆಮೇಕೆ ನೋಡಾನ. ನಿಮ್ಗೆ ಮರೆವು ಜಾಸ್ತಿನಾ, ಭಯ ಜಾಸ್ತಿನಾ, ಅದುನ್ನ ಯೋಳಿ."

ಮರೆವಿನವರಿಗೆ ಸ್ನೇಕ್ ಪ್ಲಾಂಟು, ಜೀಜೀ, ಬಿಸಿಲಿನ ಕಿಟಕಿಯಿದ್ದರೆ ಲೋಳೆಸರ. ಭಯದವರಿಗೆ, ಅಂದರೆ ಗಳಿಗೆಗೊಮ್ಮೆ ನೀರು ಹಾಕುವವರಿಗೆ, ಗಾಜಿನ ಬಾಟಲಿಯ ನೀರಿನಲ್ಲೇ ಬೆಳೆಯುವ ಮನಿ ಪ್ಲಾಂಟು. ಎರಡೂ ಇದ್ದವರಿಗೆ ಸ್ಪೈಡರ್ ಪ್ಲಾಂಟು. ಅದು ಬಾಡಿದರೆ ನೀರು ಕಂಡ ಕೂಡಲೇ ಏಳುತ್ತದೆ. ಬ್ಯಾಂಕಿನ ಹುಡುಗಿ ಗುಲಾಬಿಯೇ ಬೇಕೆಂದು ಹಟ ಹಿಡಿದಳು. ಅವರು ಕೊಡಲೇ ಇಲ್ಲ. ಅವಳು ಹೋದ ಮೇಲೆ ನನಗೆ ಹೇಳಿದರು: "ಬೆಳಿಗ್ಗೆ ಓದ್ರೆ ಸಂಜೆ ಬರೋ ಮಗು. ಅದ್ರ ಕೈಗೆ ಗುಲಾಬಿ ಕೊಟ್ರೆ ಪಾಪ ಕೊಟ್ಟಂಗೆ ಕಣಮ್ಮ. ಅದು ಸಾಯ್ತದೆ, ಇದು ಅಳ್ತದೆ. ಯಾಕೆ ಬೇಕು."

ಹೀಗೆ ನಕ್ಕು ಮಾತಾಡುತ್ತಿದ್ದ ಮನುಷ್ಯ ಆಪಾ ಎದ್ದು ಒಳಗೆ ಹೋದರೆ ಮಾತು ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದರು. ಆಕೆ ಕೆಮ್ಮಿದರೆ ಮುಖ ಬಿಳಿಚಿಕೊಳ್ಳುತ್ತಿತ್ತು. ಆಕೆಗೆ ಎಲ್ಲ ಗುಣವಾಗಿತ್ತು, ಡಾಕ್ಟರೂ ಹೇಳಿದ್ದರು. ಇವರಿಗೆ ಗುಣವಾಗಿರಲಿಲ್ಲ. ನನಗೆ ವರ್ಗವಾಗಿ ಸಾಮಾನು ಕಟ್ಟುವಾಗಲೂ, "ಇನ್ನೊಸಿ ತಡ ಆಗಿದ್ರೆ ಅಂದಿದ್ರಲ್ಲ ಡಾಕ್ಟ್ರು, ಏನಂದ್ರು ನೋಡಿ" ಎಂದು, ನಾನೇ ಅಲ್ಲಿರಲಿಲ್ಲವೇನೋ ಎಂಬಂತೆ, ಆ ಕತೆಯನ್ನು ಮತ್ತೊಮ್ಮೆ ಹೇಳಿದರು.

ಸುದ್ದಿ ಬಂದ ನಂತರದ ಮೊದಲ ಭಾನುವಾರ ಪಾಂಡವಪುರಕ್ಕೆ ಹೋದೆ. ಗಂಡನನ್ನು ಕಳೆದುಕೊಂಡ ಹೆಂಗಸು ಕೆಲವು ತಿಂಗಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳು. ಆಪಾ ಒಳಕೋಣೆಯಲ್ಲಿ ಬಿಳಿ ದುಪಟ್ಟಾ ಹೊದ್ದು ಚಾಪೆಯ ಮೇಲೆ ಕೂತಿದ್ದರು. ಮಗಳು ಚಹಾ ಕೊಟ್ಟು ಹೋದಳು. ಆಪಾ ಅವಳು ಅಡುಗೆಮನೆ ಸೇರುವುದನ್ನೇ ಕಾದು, ಬಾಗಿಲು ಮುಂದಕ್ಕೆ ಮಾಡಿ ಎಂದರು.

"ಒಂದ್ ಮಾತು ಯೋಳ್ಬೇಕು ಟೀಚರಮ್ಮ. ಮಗಳಿಗೆ ಯೋಳಕ್ಕೆ ಆಗಲ್ಲ."

ನಾನು ಹತ್ತಿರ ಸರಿದೆ.

"ಶಬೇ ಬರಾತ್ ರಾತ್ರಿ ಬಂದ್ರೆ ನಮ್ಮೋರೆಲ್ಲ ಒಬ್ರಿಗೊಬ್ರು ಮಾಫಿ ಕೇಳ್ಕೊತೀವಿ. ಅಂದದ್ದು ಆಡಿದ್ದು ಬುಟ್ಬುಡಿ ಅಂತ. ಆ ಆಪರೇಷನ್ ಆದಾಗ್ನಿಂದ ಇವ್ರು ಪ್ರತಿ ವರ್ಷ ಬಂದು ಕೇಳೋರು. ನಾನು ನಿನ್ ನೋವು ನೋಡ್ಲಿಲ್ಲ, ಮಾಫ್ ಮಾಡ್ದೆ ಅಂತ ಒಂದ್ ಮಾತು ಅನ್ನು, ಅನ್ನೋರು. ನಾನು, ನೋಡಾನ ಬುಡಿ, ಅಂತಿದ್ದೆ. ಒಂದ್ ವರ್ಷಾನೂ ಯೋಳ್ಲಿಲ್ಲ."

"ಕೋಪ ಇತ್ತಾ ಆಪಾ?"

"ಇತ್ತು. ಗಿಡಕ್ಕಲ್ಲ. ಗಿಡ ಓದ್ರೆ ಇನ್ನೊಂದ್ ಬತ್ತದೆ. ಆದ್ರೆ ಆ ಕೋಪ ಬೇಗ್ನೆ ಓಯ್ತು. ಅವ್ರು ಗಂಜಿ ಸೀಯ್ಸಿ ನಿಂತ್ಕತಿದ್ರಲ್ಲ, ಆವಾಗ್ಲೇ ಓಯ್ತು."

"ಮತ್ತೆ?"

ಆಕೆ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಮದ್ವೆ ಆದಾಗ್ನಿಂದ ಅವ್ರು ಮನೇಲಿ ಇದ್ದೋರಲ್ಲ. ತಪ್ಪು ಮಾಡ್ದೆ ಅನ್ಸಿದ್ಮೇಲೇ ನಂಗೆ ಸಿಕ್ಕಿದ್ದು. ಮಾಫ್ ಮಾಡ್ದೆ ಅಂದ್ಬುಟ್ರೆ ಎದ್ದು ಓಗ್ಬುಡ್ತಾರೆ ಅಂತ ಭಯ. ಅವ್ರು ಬಂದು ನನ್ ಮುಂದೆ ತಲೆ ಬಗ್ಸಿ ನಿಂತ್ಕಂಡಾಗ ಪಾಪ ಅನ್ಸೋದು. ಆದ್ರೂ ಯೋಳ್ತಿರ್ಲಿಲ್ಲ. ಈ ವರ್ಷಾನೂ ಕೇಳಿದ್ರು. ಯೋಳಾನ ಅಂತ ಬಾಯಿಗೆ ಬಂದಿತ್ತು. ಮುಂದಿನ್ ವರ್ಷ ನೋಡಾನ ಅಂದ್ಬುಟ್ಟೆ."

ಅಡುಗೆಮನೆಯಲ್ಲಿ ಮಗಳು ಪಾತ್ರೆ ಇಡುವ ಸದ್ದಾಯಿತು. ಆಪಾ ತಗ್ಗಿದ ದನಿಯಲ್ಲಿ ಕೇಳಿದರು: "ಆ ಮಾತ್ನ ಒಳ್ಗೇ ಮಡಿಕ್ಕೊಂಡು ಅವ್ರುನ್ನ ಕಳ್ಸಿಬುಟ್ನಲ್ಲ ಟೀಚರಮ್ಮ. ತಪ್ಪು ನಂದೇ ಅಲ್ವಾ?"

ನಾನು ಅವರ ಕೈ ಹಿಡಿದುಕೊಂಡೆ. "ಇಲ್ಲ ಆಪಾ. ನಿಮ್ದೇನೂ ತಪ್ಪಿಲ್ಲ" ಎಂದೆ.

ಆಕೆ ನನ್ನ ಮುಖ ನೋಡಿದರು.

"ಇಷ್ಟೇ ಮಾತಲ್ವಾ" ಎಂದರು. "ಎಷ್ಟು ಬೇಗ ಯೋಳ್ಬುಟ್ರಿ ನೀವು."